ಸಮುದ್ರದ ಬಿಸಿ ನೋಡುತ್ತಿದ್ದ ಅಣ್ಣ

ತಿಕೋಟಾದ ನಮ್ಮ ಓಣಿಯಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಅಂಥ ಓಣಿಯ ನನ್ನ ಅಣ್ಣ ವಿಮಾನದಲ್ಲಿ ಕೂತು ಸಮುದ್ರದ ಬಿಸಿ ಅಳೆಯುವ ನೌಕರಿ ಹಿಡಿದ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. "ಸಮುದ್ರಕ್ಕ ಜ್ವರ ಬಂದಾವೇನಲೇ?" ಎಂದು ಗೆಳೆಯರು ಕಾಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ಒಮ್ಮೆ ಅಣ್ಣ ರಜೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ಅಲ್ಲೋ ಯಪ್ಪಾ, ಮುಟ್ಟಲಾರದ ಬಿಸಿ ಹೆಂಗ ತಿಳೀತೈತಿ?"

ಅಣ್ಣ ಅವಳ ಕೈಯನ್ನು ಕಾದ ಹಂಚಿನಿಂದ ಗೇಣು ಎತ್ತರದಲ್ಲಿ ಹಿಡಿದ. "ಈಗ ತಿಳೀತಿಲ್ಲೋ? ನಮ್ಮ ಯಂತ್ರಾನೂ ಹಿಂಗ ಬೇ. ವಿಮಾನದಾಗಿಂದನ ನೀರಿನ ಕಾವು ಹಿಡೀತೈತಿ. ಅದು ಗೊತ್ತಾದ್ರ ಮಳಿ ಸುದ್ದಿನೂ ತಿಳೀತೈತಿ."

ಆ ವಾರವೆಲ್ಲ ಅವ್ವ ಓಣಿಯ ಹೆಂಗಸರನ್ನು ಒಲೆಯ ಮುಂದೆ ಕೂರಿಸಿಕೊಂಡು ಮಗನ ನೌಕರಿ ವಿವರಿಸಿದ್ದೇ ವಿವರಿಸಿದ್ದು.

ಮುಂದಿನ ಬೇಸಿಗೆಯಲ್ಲಿ ಆ ವಿಮಾನ ಸಮುದ್ರಕ್ಕೆ ಬಿತ್ತು. ಅಣ್ಣ ಸಿಗಲಿಲ್ಲ. ಮಣ್ಣು ಮಾಡಲಿಕ್ಕೆ ಹೆಣವೂ ಇಲ್ಲ. ನನ್ನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಸುದ್ದಿ ಕೇಳಿ ಓಡಿ ಬಂದವಳು ಅವ್ವನ ಹತ್ತಿರವೇ ಉಳಿದೆ. ಅವಳು ಅಳಲಿಲ್ಲ, ಮಾತಾಡಲಿಲ್ಲ, ಕಣ್ಣು ಮುಚ್ಚಲಿಲ್ಲ. ಮಾತಾಡಿಸಲು ಬಂದವರು "ದೇವರಿಗೆ ಬೇಕಾಗಿದ್ದ" ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆ, ನಮಗೇನು ಬೇಡವಾಗಿದ್ದನೆ?

ಕೆಲವು ದಿನಗಳ ಮೇಲೆ, ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿ ಕಡೆಯವರೊಬ್ಬರು ಬಿಜಾಪುರದಲ್ಲಿ ಬಸ್ಸು ಬದಲಿಸಿ, ಅಣ್ಣನ ಟ್ರಂಕು ಹೊತ್ತುಕೊಂಡು ಬಂದರು. ಅವ್ವ ಟ್ರಂಕಿನತ್ತ ನೋಡಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಅಲ್ಲಿ ನೀರು ತಣ್ಣಗಿತ್ತೇನ್ರಿ? ನನ್ನ ಮಗಗ ಥಂಡಿ ತಡೀತಿದ್ದಿಲ್ಲ."

ಅವರು ಟ್ರಂಕು ಕೆಳಗಿಟ್ಟರು. "ಇಲ್ಲ ಯವ್ವಾ, ಬೆಚ್ಚಗಿತ್ತು. ಹಿಂದಿನ ದಿನ ನಾನ ಅಳೆದಿದ್ದೆ."

ಅವರು ಹೊರಟಾಗ ಬೆನ್ನು ಹತ್ತಿ ಹೋಗಿ ಬಸ್ ನಿಲ್ದಾಣದಲ್ಲಿ ತಡೆದೆ. "ನನಗರ ಖರೇ ಹೇಳ್ರಿ."

"ಯಂತ್ರಕ್ಕ ನೀರಿನ ಮ್ಯಾಲಿನ ಪದರ ಅಷ್ಟ ತಿಳೀತೈತಿ ತಂಗಿ," ಎಂದರು ನೆಲ ನೋಡುತ್ತ. "ಆಳಕ್ಕ ಹೋದಂಗ ತಣ್ಣಗ ಇರ್ತೈತಿ."

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

"ಬೆಚ್ಚಗಿತ್ತಂತ ಬೇ. ತಳದ ಮಟಾನೂ ಬೆಚ್ಚಗಿತ್ತಂತ."

"ಹಂಗಾದ್ರ ನಿದ್ದಿ ಹತ್ತಿರ್ತೈತಿ ಬಿಡು," ಎಂದಳು. ಹಾಡುಹಗಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಅವಳೂ ಮಲಗಿದಳು.