ಮರದ ಅಂಗಿ ಬಿಡಿಸುವ ಮೊಕ್ ಸೋಮ್

ಬೆಳಗಿನ ನಮಾಜು ಮುಗಿಸಿ ಜನ ಮಸೀದಿಯ ಮೆಟ್ಟಿಲಿಳಿಯುವಾಗ ಮೊಕ್ ಸೋಮ್ ಆಗಲೇ ಮೊಣಕಾಲುದ್ದದ ನೀರಿನಲ್ಲಿ ನಿಂತಿರುತ್ತಾರೆ. ಖಬರಸ್ತಾನದ ಬೇಲಿಯಾಚೆ, ಕೆಸರು ನೆಲದಲ್ಲಿ, ಗೆಲಾಮ್ ಮರಗಳ ತೋಪು. ಮಸುಕು ಬೆಳಕಿನಲ್ಲಿ ಬಿಳಿ ಕಾಂಡಗಳು ಹೆಣಕ್ಕೆ ಹೊದಿಸುವ ಕಫನ್ ಹೊದ್ದು ನಿಂತಂತೆ ಕಾಣುತ್ತವೆ. ಅವರು ಒಂದು ಮರದ ಮೇಲೆ ಅಂಗೈ ಇಟ್ಟು, ಬಿಸ್ಮಿಲ್ಲಾ ಎಂದು, ಬಿದಿರಿನ ಚಪ್ಪಟೆ ಸೀಳನ್ನು ತೊಗಟೆಯಡಿಗೆ ತೂರಿಸುತ್ತಾರೆ. ನೆನೆದ ಹಾಳೆಗಳ ಹಾಗೆ ತೊಗಟೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ಕೆಂಪು ಇಣುಕಿದೊಡನೆ ಕೈ ನಿಲ್ಲುತ್ತದೆ.

"ಅಂಗಿ ಬಿಚ್ಚಬಹುದು, ಚರ್ಮ ಸುಲೀಬಾರ್ದು. ನಮ್ಮವ್ವ ಹೇಳಿಕೊಟ್ಟ ವಿದ್ಯೆ ಇಷ್ಟೇ. ಕೆಂಪು ಹರಿದ್ರೆ ಮರ ಒಣಗುತ್ತೆ. ಆಮೇಲೆ ತಪ್ಪಾಯ್ತು ಅಂತ ಎಷ್ಟು ತೌಬಾ ಮಾಡಿದ್ರೂ ಚಿಗುರಲ್ಲ," ಎನ್ನುತ್ತಾರೆ.

ಹೆಸರು ಕೆಲ್ಸೋಮ್. ಊರಿಗೆಲ್ಲ ಮೊಕ್, ಅಂದರೆ ಅವ್ವ. ಬಿಡಿಸಿದ ತೊಗಟೆಯನ್ನು ತಮ್ಮ ತೆಂಗಿನ ಹಿತ್ತಲಲ್ಲಿ ಹರವಿ ಒಣಗಿಸಿ, ಸುರುಳಿ ಸುತ್ತಿ, ತಲೆಯ ಮೇಲೆ ಹೊತ್ತು ನದಿ ಕಡಲು ಸೇರುವ ಅಳಿವೆಗೆ ಒಯ್ಯುತ್ತಾರೆ. ಅಲ್ಲಿ ಪೊಕ್ ಮುದಾ ದೋಣಿ ಕಟ್ಟುತ್ತಾನೆ. ಅವನ ದೋಣಿಯ ಹಲಗೆಗಳು ಮರದ ಗೂಟಗಳಿಂದ ಕೂಡುತ್ತವೆ. ಹಲಗೆ ಹಲಗೆಯ ನಡುವೆ ಗೆಲಾಮ್ ತೊಗಟೆಯ ಪಟ್ಟಿ. ದೋಣಿ ನೀರಿಗಿಳಿದ ಮೇಲೆ ತೊಗಟೆ ನೀರು ಕುಡಿದು ಉಬ್ಬಿ ಬಿರುಕು ಮುಚ್ಚುತ್ತದೆ. ಸಮುದ್ರದ ನೀರೇ ಸಮುದ್ರಕ್ಕೆ ಬಾಗಿಲು ಹಾಕುತ್ತದೆ.

"ಈ ಸಲದ್ದು ತೆಳ್ಳಗಿದೆಯಲ್ಲ ಮೊಕ್?" ಎಂದು ಪೊಕ್ ಮುದಾ ತಕರಾರು ತೆಗೆಯುತ್ತಾನೆ.

"ನಿನ್ನ ಹಲಗೆ ನೆಟ್ಟಗಿದ್ರೆ ತೆಳ್ಳಂದೇ ಸಾಕು. ಸೊಟ್ಟ ಹಲಗೆಗೆ ನಾನು ಹಾಸಿಗೆ ತರ್ಲಾ?"

ಗಂಡನ ಹೆಸರು ಎಂಬೊಂಗ್, ಮೀನು ಹಿಡಿಯುತ್ತಿದ್ದವನು. ಒಂದು ಮಳೆಗಾಲದ ಮೊದಲ ಬಿರುಗಾಳಿಗೆ ಸಿಕ್ಕಿದ. ದೋಣಿ ದಡಕ್ಕೆ ಬಂತು, ಅವನು ಬರಲಿಲ್ಲ. ಇವತ್ತಿಗೂ ಅವನಿಗೆ ಗೋರಿಯಿಲ್ಲ. "ದೋಣಿ ಒಂದು ಹನಿ ಸೋರಿರ್ಲಿಲ್ಲ. ಮುಟ್ಟಿ ಮುಟ್ಟಿ ನೋಡ್ದೆ. ನನ್ನ ತೊಗಟೆ ಅವರಿಗೆ ಮೋಸ ಮಾಡ್ಲಿಲ್ಲ. ಉಳಿದದ್ದು ಅಲ್ಲಾಹನ ಇಚ್ಛೆ," ಎಂದು ಹೇಳಿ ಅವರು ಸುರುಳಿಯ ದಾರ ಬಿಗಿಯುತ್ತಾರೆ.

ನಮ್ಮ ಊರು ಆಲೋರ್ ಗೆಲಾಮ್, ಅಂದರೆ ಗೆಲಾಮ್ ಮರಗಳ ತೊರೆ. ಈ ಕಡಲ ದಡದಲ್ಲಿ ಆ ಮರದ ಹೆಸರು ಹೊತ್ತ ಊರುಗಳು ಇನ್ನೂ ಇವೆ. ಗೋಂಗ್ ಗೆಲಾಮಿನಲ್ಲಿ ಈಗ ಪೆಟ್ರೋಲ್ ಬಂಕ್ ಇದೆ. ಪಾಡಾಂಗ್ ಗೆಲಾಮಿನಲ್ಲಿ ಸಿಗಡಿ ಹೊಂಡಗಳು. ಮರ ಹೋಗಿ ಹೆಸರು ಮಾತ್ರ ಉಳಿದಿದೆ. ನಮ್ಮಲ್ಲಿ ಉಳಿದಿರುವುದು ಖಬರಸ್ತಾನದ ಪಕ್ಕದ ತೋಪೊಂದೇ.

ಅದಕ್ಕೂ ಕಾಲ ಬಂದಿತ್ತು. ಖಬರಸ್ತಾನ ತುಂಬಿದೆ. ಹೋದ ರಂಜಾನಿನಲ್ಲಿ ನನ್ನ ಮನೆಯವಳನ್ನು ಬೇಲಿಗೆ ತಾಗಿಸಿ ಮಲಗಿಸಬೇಕಾಯಿತು. ತೋಪಿನ ನೆಲವೂ ಹಿರಿಯರು ಮಸೀದಿಗೆ ವಕ್ಫ್ ಬಿಟ್ಟದ್ದೇ. ಮರ ಕಡಿದು, ಮಣ್ಣು ತುಂಬಿಸಿ, ಗೋರಿಗಳಿಗೆ ಜಾಗ ಮಾಡೋಣ ಎಂದು ಮಸೀದಿಯ ಸಮಿತಿ ಹೇಳಿದಾಗ ತಪ್ಪೆನ್ನಲು ಯಾರಿಗೂ ಬಾಯಿರಲಿಲ್ಲ. ಸತ್ತವರಿಗೆ ಮಣ್ಣು ಕೊಡುವುದು ಬದುಕಿರುವವರ ಮೇಲಿನ ಋಣ.

ಶುಕ್ರವಾರದ ನಮಾಜಿನ ನಂತರ ಸಭೆ ಸೇರಿತು. ಮೊಕ್ ಸೋಮ್ ಮೆಟ್ಟಿಲ ಹತ್ತಿರ ಬಂದು ನಿಂತರು. ಗೋರಿ ತೋಡುವ ಜುಸೋ ಅವರನ್ನು ನೋಡಿ, "ಏನು ಮೊಕ್, ಹೆಣಗಳನ್ನ ಮರದ ಮೇಲೆ ಕೂರಿಸೋಣ ಅಂತೀರಾ?" ಎಂದ.

"ನಿನ್ನ ಬಾಯಿಯ ಬಿರುಕಿಗೆ ತುರುಕೋಷ್ಟು ತೊಗಟೆ ಆ ತೋಪಲ್ಲಿಲ್ಲ ಕಣೋ ಜುಸೋ."

ಜನ ನಕ್ಕರು. ಜುಸೋನಿಗೆ ಚುಚ್ಚಿತು. "ನಿಮ್ಮವರು ಯಾರಾದ್ರೂ ಇಲ್ಲಿ ಮಲಗಿದ್ದಾರಾ? ಇದ್ದಿದ್ರೆ ಗೊತ್ತಾಗ್ತಿತ್ತು ಜಾಗದ ಕಷ್ಟ," ಎಂದುಬಿಟ್ಟ.

ನಗು ನಿಂತಿತು. ಇಮಾಮರು ತಲೆ ತಗ್ಗಿಸಿದರು. ಮೊಕ್ ಸೋಮ್ ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡರು.

"ನಿಜ. ನನ್ನವರು ಇಲ್ಲಿಲ್ಲ. ಅದಕ್ಕೇ ನಿಮ್ಮವರಿಗೆ ಜಾಗ ಕೊಡೋಕೆ ಬಂದೆ. ಖಬರಸ್ತಾನಕ್ಕೂ ತೋಪಿಗೂ ತಾಗಿ ನನ್ನ ತೆಂಗಿನ ಹಿತ್ತಲಿದೆ. ಎತ್ತರದ ನೆಲ, ಮಳೆಗಾಲದಲ್ಲೂ ನೀರು ನಿಲ್ಲಲ್ಲ. ವಕ್ಫ್ ಅಂತ ಬರ್ಕೊಳ್ಳಿ. ಇಷ್ಟು ವರ್ಷ ಆ ಮರಗಳ ಅಂಗಿ ಬಿಚ್ಚಿ ಬದುಕಿದೋಳು ನಾನು. ಈಗ ನನ್ನ ಅಂಗಿ ತಗೊಳ್ಳಿ. ಅವುಗಳ ಚರ್ಮ ಬಿಡಿ."

ಆ ಹಿತ್ತಲೇನು ಸಣ್ಣದಲ್ಲ. ಮಳೆಗಾಲದ ತಿಂಗಳುಗಳಲ್ಲಿ ದೋಣಿ ಕಟ್ಟುವ ಕೆಲಸ ನಿಂತಾಗ ಅವರ ಅನ್ನ ಬರುತ್ತಿದ್ದುದು ಆ ತೆಂಗಿನಿಂದಲೇ. ಇಮಾಮರು ಮೂರು ಸಲ ಕೇಳಿದರು. ಮೂರು ಸಲವೂ ಅವರು ಹೂಂ ಎಂದರು. ತೋಪನ್ನು ಮುಟ್ಟುವುದಿಲ್ಲ ಎಂದು ಸಮಿತಿ ಅಂದೇ ಬರೆದುಕೊಟ್ಟಿತು.

ಈಗ ಹಿತ್ತಲಲ್ಲಿ ಜುಸೋ ತೆಂಗಿನ ಬೊಡ್ಡೆ ಕೀಳುತ್ತಿದ್ದಾನೆ. ಕೂಲಿ ಕೇಳಿಲ್ಲ, ಕ್ಷಮೆಯನ್ನೂ ಬಾಯಿಬಿಟ್ಟು ಕೇಳಿಲ್ಲ. ಗುದ್ದಲಿ ಗೆಲಾಮ್ ಬೇರಿನ ಹತ್ತಿರ ಬಂದರೆ ಮಾತ್ರ ಅದನ್ನು ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ತೆಗೆಯುತ್ತಾನೆ. ಮೊಕ್ ಸೋಮ್ ಬಾಳೆಲೆಯಲ್ಲಿ ಕಟ್ಟಿದ ಮೀನಿನ ಅನ್ನವನ್ನು ಅವನ ಮುಂದಿಡುತ್ತಾರೆ. "ತಿನ್ನು. ನನ್ನ ಗೋರಿಯನ್ನೂ ನೀನೇ ತೋಡಬೇಕು, ಬಲ ಬೇಡ್ವಾ?"

"ಅಷ್ಟು ಬೇಗ ಎಲ್ಲಿಗೆ ಮೊಕ್? ತೊಗಟೆ ಯಾರು ತರ್ತಾರೆ?" ಎನ್ನುತ್ತಾನೆ, ತಲೆ ಎತ್ತದೆ.

ಮಳೆಗಾಲ ಹೇಗೆ ಕಳೆಯುತ್ತೀರಿ ಎಂದು ನಾನು ಕೇಳುತ್ತೇನೆ. ಕೊಡುವವನು ಅಲ್ಲಿದ್ದಾನೆ ಎಂಬಂತೆ ಅವರು ಬೆರಳು ಮೇಲೆತ್ತಿ ತೋರಿಸುತ್ತಾರೆ. ಬೇರೆ ಆಸೆಯೇನಾದರೂ ಇದೆಯೇ ಎನ್ನುತ್ತೇನೆ. ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಮೊದಲ ಬಸ್ಸು ನಿಂತು, ಡ್ರೈವರ್ ಊರಿನ ಹೆಸರು ಕೂಗುತ್ತಾನೆ. ಅವರು ಆ ಕಡೆ ಕಿವಿಗೊಟ್ಟು, ಬಿದಿರಿನ ಸೀಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಕೇಳಿಸ್ತಾ? ದಿನಾ ಬೆಳಗ್ಗೆ ಆಲೋರ್ ಗೆಲಾಮ್ ಅಂತ ಕೂಗ್ತಾನೆ ಪಾಪ. ನಾನು ಹೋದ ಮೇಲೂ ಅವನ ಬಾಯಲ್ಲಿ ಸುಳ್ಳು ಬರಬಾರ್ದು. ಅಷ್ಟೇ."