ಆ ಪ್ರೋಗ್ರಾಂ ಗಿರಿಜಮ್ಮ ಮೇಡಂ ನೋಡಿಯೇ ಇರಲಿಲ್ಲ

ನಂಬಲು ಆಗುತ್ತಿಲ್ಲ...

ಮೊನ್ನೆ ಭಾನುವಾರವಷ್ಟೇ ಫೋನಿನಲ್ಲಿ ಜಗಳ ಆಡಿದ್ದೆವು.
"ನಿನ್ ಸ್ಟೂಡೆಂಟ್ಸ್ ಕೈಲಿ ಓದಿಸ್ತೀಯೋ, ಇಲ್ಲ ಬರೀ ಟೈಪ್ ಮಾಡಿಸ್ತೀಯೋ?" ಅಂತ ಬೈದಿದ್ದರು.

ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದೆ. ಅವರ ತಂಗಿಯ ಮಗಳು ಫೋನ್ ಮಾಡಿದಳು.
"ದೊಡ್ಡಮ್ಮ ಹೋಗ್ಬುಟ್ರು ಕಣಕ್ಕ..."

ಗಿರಿಜಮ್ಮ ಮೇಡಂ ಇಲ್ಲ.
ಬರೆದ ಮೇಲೂ ಸುಳ್ಳು ಅನ್ನಿಸುತ್ತಿದೆ...

ಗೊತ್ತಿಲ್ಲದ ಸ್ನೇಹಿತರಿಗೆ ಹೇಳುತ್ತೇನೆ.
ಒಂದು ಕಂಪ್ಯೂಟರ್ ಇಡೀ ಕೋಣೆ ತುಂಬಿಕೊಂಡಿರುತ್ತಿದ್ದ ಕಾಲದಲ್ಲಿ, ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಪ್ರೋಗ್ರಾಂ ಬರೆಯುತ್ತಿದ್ದ ಕೆಲವೇ ಹೆಂಗಸರಲ್ಲಿ ಇವರೊಬ್ಬರು.
ರಿಟೈರ್ ಆದ ಮೇಲೆ ದಬ್ಬೇಘಟ್ಟದ ಹತ್ತಿರ ನಮ್ಮೂರಿಗೆ, ತಾಯಿ ಬಿಟ್ಟುಹೋದ ತೋಟಕ್ಕೆ ಬಂದು ನೆಲೆಸಿದರು.
ಊರಿನವರ ಬಾಯಲ್ಲಿ "ಕಂಪ್ಯೂಟರಮ್ಮ".

ನಾನು ಆಗ ಪಿಯುಸಿ. ಲ್ಯಾಪ್‌ಟಾಪ್ ಮುಟ್ಟುವ ಆಸೆಯಿಂದ ಅವರ ಮನೆಗೆ ಹೋದರೆ ಕೈಗೆ ಪೆನ್ಸಿಲ್ ಕೊಟ್ಟರು!
"ನಮ್ ಕಾಲ್ದಲ್ಲಿ ಮಷಿನ್ ಸಿಗ್ತಿದ್ದುದು ದಿನಕ್ಕೊಂದ್ ಸಲ ಕಣಮ್ಮ. ಅದಕ್ಕೇ ಮೊದ್ಲು ಬರಿ. ಬರ್ದಿದ್ನ ಗಟ್ಟಿಯಾಗಿ ಓದು. ನಾನೇ ಮಷಿನ್."

ನಿಜವಾಗಿಯೂ ಮಷಿನ್ ಆಗುತ್ತಿದ್ದರು.
ಅಂಗಳದಲ್ಲಿ ತೆಂಗಿನಕಾಯಿಯ ಎರಡು ಗುಡ್ಡೆ. ನಾನು ಓದಿದ ಹಾಗೆ ಕಾಯಿ ಎತ್ತಿ ಈ ಗುಡ್ಡೆಯಿಂದ ಆ ಗುಡ್ಡೆಗೆ ಹಾಕುವುದು, ಆ ಗುಡ್ಡೆಯಿಂದ ಈ ಗುಡ್ಡೆಗೆ ತರುವುದು...
ಒಂದು ದಿನ ನಿಲ್ಲಿಸಲೇ ಇಲ್ಲ. ಬೆವರು ಸುರಿಯುತ್ತಿದೆ, ಕಾಯಿ ಹೊರುತ್ತಲೇ ಇದ್ದಾರೆ!
ಹುಲ್ಲು ಹೊತ್ತುಕೊಂಡು ಬರುತ್ತಿದ್ದ ನಮ್ಮಮ್ಮ ನೋಡಿ ಹೌಹಾರಿದಳು.
"ಮೇಡಮ್ಮೋರ ಕೈಲಿ ಕಾಯಿ ಹೊರಿಸ್ತಿದೀಯಲ್ಲೇ, ಬುದ್ಧಿ ಐತೇನೇ ನಿಂಗೆ?"
"ಇವಳು 'ನಿಲ್ಲು' ಅಂತ ಬರ್ದೇ ಇಲ್ಲ ಕಣ್ರೀ... ನಾನೇನ್ ಮಾಡ್ಲಿ?"

ಅಂಥವರು.
ಆಮೇಲೆ ತಮ್ಮ ಲ್ಯಾಪ್‌ಟಾಪನ್ನೇ ನನಗೆ ಬಿಟ್ಟುಕೊಟ್ಟರು. ಒಂದು ದಿನವೂ ಬೇಜಾರು ಪಟ್ಟುಕೊಳ್ಳದೆ ವರ್ಷಗಟ್ಟಲೆ ಕಲಿಸಿದರು.

ಮೇಡಂ...
ಒಂದು ವಿಷಯ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಇವತ್ತು ಎಲ್ಲರ ಮುಂದೆ ಹೇಳಿಬಿಡುತ್ತೇನೆ.

ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ನೀರು ಆರಿ ಕೊಬ್ಬರಿಯಾದ ಮೇಲೆ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗಲೇ ಸುಲಿಯುವುದು.
ಆ ವರ್ಷ ಅಪ್ಪನಿಗೆ ಸೊಂಟ ಹಿಡಿದು ಅಟ್ಟ ಹತ್ತಲು ಆಗುತ್ತಿರಲಿಲ್ಲ. ಯಾವ ಗುಡ್ಡೆ ಯಾವಾಗ ಸುಲಿಯಬೇಕು ಅಂತ ಹೇಳುವ ಪ್ರೋಗ್ರಾಂ ನಾನು ಬರೆದೆ.
ನಿಮ್ಮ ಮುಂದೆ ಓದಲಿಲ್ಲ. ಆತುರ... ಜಂಬ...
"ಮೇಡಮ್ಮೋರು ನೋಡವ್ರಾ?" ಅಂತ ಅಪ್ಪ ಕೇಳಿದಾಗ "ಹ್ಞೂಂ, ಸರಿ ಇದೆ ಅಂದ್ರು" ಅಂದುಬಿಟ್ಟೆ.

ಸುಲಿಯುವವರು "ಯಾಕೋ ಕಾಯಿ ತೂಕ ಐತೆ ಕಣಣ್ಣ" ಅಂದರೂ ಅಪ್ಪ ಕೇಳಲಿಲ್ಲ.
"ಕಂಪ್ಯೂಟರಮ್ಮ ನೋಡಿರೋದು, ಸುಲೀರ್ಲಾ."

ಚಿಪ್ಪು ಒಡೆದರೆ ಅರ್ಧಕ್ಕರ್ಧ ಕಾಯಿಯಲ್ಲಿ ಇನ್ನೂ ನೀರು!
ಹಳೆಯ ಗುಡ್ಡೆಯ ಮೇಲೆಯೇ ಹೊಸ ಕಾಯಿ ಸುರಿದಿದ್ದರು. ನನ್ನ ಪ್ರೋಗ್ರಾಂ ಹಳೆಯ ತಾರೀಕನ್ನೇ ಹಿಡಿದುಕೊಂಡು ಕೂತಿತ್ತು.

ಅಪ್ಪ ಆ ಸೊಂಟ ನೋವಿನಲ್ಲೇ ನನ್ನನ್ನು ಎಳೆದುಕೊಂಡು ನಿಮ್ಮ ಮನೆಗೆ ಬಂದರು.
"ಇದ್ನ ನೀವು ನೋಡಿದ್ರಾ ಮೇಡಮ್ಮೋರೇ? ನೋಡಿಲ್ಲ ಅನ್ನಿ, ಇವ್ಳ ಕಂಪ್ಯೂಟರ್ ಇವತ್ತಿಗೆ ಮುಗೀತು."
ನೀವು ನನ್ನ ಮುಖ ನೋಡಿದಿರಿ. ಒಂದೇ ಸಲ.
"ನೋಡಿದ್ದೆ ಕಣಪ್ಪ. ನನ್ ಕಣ್ಣೇ ತಪ್ಪಿದ್ದು."

ಊರು ಸುಮ್ಮನಿರುತ್ತದೆಯೇ?
"ಕಂಪ್ಯೂಟರಮ್ಮಂಗೆ ಅರಳುಮರಳು, ಬುಡು" ಅಂದರು. ನಿಮ್ಮ ಹತ್ತಿರ ಕಲಿಯಲು ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ನಿಂತುಹೋದರು.
ನಾನು ಬಾಯಿ ಬಿಡಲಿಲ್ಲ...

ಅಪ್ಪ ಎಳೆದುಕೊಂಡು ಬಂದ ಮಾರನೆಯ ದಿನವೇ ನಿಮ್ಮ ಮನೆಗೆ ಬಂದಿದ್ದೆ. ಬೈಗುಳಕ್ಕೆ ತಯಾರಾಗಿದ್ದೆ.
ನೀವು ಪೆನ್ಸಿಲ್ ಚಾಚಿದಿರಿ.
"ತಪ್ಪು ಎಲ್ಲಿತ್ತು? ಕೂತ್ಕೊಂಡು ಓದು."
ಅಳುತ್ತಾ ಓದಿದೆ. ಎಂಟನೇ ಸಾಲಿನಲ್ಲಿ ಸಿಕ್ಕಿತು.
"ಅಪ್ಪನಿಗೆ ಹೇಳ್ತೀನಿ ಮೇಡಂ" ಅಂದೆ.
"ಹೇಳು. ಅದು ನಿನ್ ಕೆಲಸ, ನಂದಲ್ಲ" ಅಂದಿರಿ. ಮತ್ತೆ ಯಾವತ್ತೂ ಜ್ಞಾಪಿಸಲಿಲ್ಲ.

ನಾನು ಹೇಳಲಿಲ್ಲ. ನಿಮ್ಮ ಹೆಸರು ಕೆಡಿಸಿಕೊಂಡು ನನ್ನ ಓದು ಉಳಿಸಿದಿರಿ. ನಾನು ಪಾಸಾದೆ, ತಿಪಟೂರಿನಲ್ಲಿ ಲೆಕ್ಚರರ್ ಆದೆ, ನಿಮ್ಮ ಹಾಗೆಯೇ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ... ಆ ಒಂದು ಮಾತು ಮಾತ್ರ ಗಂಟಲು ದಾಟಲಿಲ್ಲ.
ನಾಚಿಕೆಯಾಗುತ್ತಿದೆ ಮೇಡಂ.

ಫೋನ್ ಬಂದ ಕೂಡಲೇ ಊರಿಗೆ ಬಂದೆ. ಈಗ ಮಣ್ಣಿಗೆ ಹೊರಡಬೇಕು. ಅಪ್ಪ ಹಾರದ ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದಾರೆ.
ಪೋಸ್ಟ್ ಮಾಡುವ ಮೊದಲು ಇಲ್ಲಿಯವರೆಗೆ ಬರೆದದ್ದನ್ನು ಅವರ ಮುಂದೆ ಗಟ್ಟಿಯಾಗಿ ಓದಿದೆ. ನೀವು ಕಲಿಸಿದ ಹಾಗೆ.

ಅಪ್ಪ ಹಾರದ ಪೊಟ್ಟಣ ಪಕ್ಕಕ್ಕಿಟ್ಟರು.
ಆಮೇಲೆ ಅಂದರು:
"ನಮ್ಮೂರ್ ಗ್ರೂಪಿಗೂ ಹಾಕವ್ವ... ಅರಳುಮರಳು ಅಂತ ಮೊದ್ಲು ಅಂದೋನು ನಾನೇ."

ಹಾಕುತ್ತಿದ್ದೇನೆ ಮೇಡಂ.
ತಪ್ಪು ನನ್ನದು. ನಿಮ್ಮ ಕಣ್ಣು ತಪ್ಪಿರಲಿಲ್ಲ.

ಹೋಗಿಬನ್ನಿ...
ನಿಮ್ಮ ಜೀವ ತಣ್ಣಗಿರಲಿ. 🙏