ತಪಾಸಕರು ತಿರಸ್ಕರಿಸಿದ ಬಂದೂಕು

ಸದಾಶಿವನಗರದ ನಮ್ಮ ಪಕ್ಕದ ಮನೆಯವರು ಸೇನೆಯ ಕಾರ್ಯಾಗಾರದಲ್ಲಿ ದುರಸ್ತಿಯಾದ ಬಂದೂಕುಗಳ ತಪಾಸಕರಾಗಿದ್ದರು. ನಿವೃತ್ತರಾದ ಮೇಲೂ ಯಾವ ಕೊಳವೆ ಸಿಕ್ಕರೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದರು. ನಾನು ಬಡಾವಣೆಯ ಮನವಿಪತ್ರಕ್ಕೆ ಸಹಿ ಕೇಳಲು ಹೋದರೆ, "ನೋಡ್ದೆ ಸೈನ್ ಹಾಕಲ್ಲ ಕಣಮ್ಮ, ನೀನೇ ತಂದ್ರೂನೂ," ಎಂದು ಕೊನೆಯ ಸಾಲಿನವರೆಗೂ ಓದುತ್ತಿದ್ದರು.

ಕೆಲಸದಲ್ಲಿದ್ದಾಗ ಒಮ್ಮೆ ಅವರು ಒಂದು ಬಂದೂಕನ್ನು ತಿರಸ್ಕರಿಸಿದ್ದರು. ನಳಿಗೆಯೊಳಗೆ ಉಂಗುರದಂಥ ಕಪ್ಪು ನೆರಳು ಕಂಡಿತ್ತು. ಅಲ್ಲಿ ಲೋಹ ಉಬ್ಬಿದೆ ಎಂದರ್ಥ. ಆ ವಾರವೇ ಕೆಲಸ ಮುಗಿದಿದೆಯೆಂದು ತೋರಿಸಬೇಕಿದ್ದ ಮೇಲಧಿಕಾರಿ ಇನ್ನೊಬ್ಬ ತಪಾಸಕನಿಂದ, ಬಂದೂಕನ್ನು ನೋಡಲೂ ಬಿಡದೆ, 'ಸರಿಯಿದೆ' ಎಂದು ಸಹಿ ಹಾಕಿಸಿದ. ಗುಂಡು ಹಾರಿಸುವ ಅಭ್ಯಾಸದಲ್ಲಿ ಅದೇ ನಳಿಗೆ ಸಿಡಿದು ಕೊತ್ತಗೆರೆಯ ಯೋಧನೊಬ್ಬನ ಬಲಗಣ್ಣು ಹೋಯಿತು. ವಿಚಾರಣೆಯ ವರದಿ 'ಯೋಧನ ಅಜಾಗರೂಕತೆ' ಎಂದಿತು. ನೋಡದೆ ಹಾಕಿದ ಸಹಿ ಒಂದು ಅಪರಾಧ. ಕಣ್ಣು ಕಳೆದುಕೊಂಡವನ ಮೇಲೆಯೇ ತಪ್ಪು ಹೊರಿಸಿದ್ದು ಅದಕ್ಕಿಂತ ದೊಡ್ಡ ಅಪರಾಧ. ಎರಡನ್ನೂ ಮಾಡಿಸಿದ ಆ ಮೇಲಧಿಕಾರಿ ಇಂದಿಗೂ ಸಭೆಗಳಲ್ಲಿ ಸನ್ಮಾನದ ಶಾಲು ಹೊದೆಯುತ್ತಾನೆ.

ಕಳೆದ ವರ್ಷ ತಪಾಸಕರು ನನ್ನನ್ನೂ ಕರೆದುಕೊಂಡು ಕೊತ್ತಗೆರೆಗೆ ಹೋದರು. "ತಪ್ಪು ನಿಂದಲ್ಲ ಕಣಪ್ಪ. ಆ ಬಂದೂಕು ಬೇಡ ಅಂತ ನಾನೇ ಬರ್ದಿದ್ದೆ," ಎಂದು ತಮ್ಮ ಲಿಖಿತ ಹೇಳಿಕೆಯನ್ನು ಯೋಧನ ಕೈಗಿತ್ತರು. ಅವನು ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದ.

ಅವನ ತಾಯಿ ಕೇಳಿದರು: "ಊರೆಲ್ಲ ನನ್ ಮಗುಂಗೇ ಬೈತು. ಆವಾಗ್ಲೇ ಯಾಕ್ ಬರ್ಲಿಲ್ಲ ಸಾಮಿ?"

"ಆವಾಗ ಸರ್ವೀಸಲ್ಲಿದ್ದೆ ತಾಯಿ," ಎಂದರು ತಪಾಸಕರು.

"ನನ್ ಮಗ್ನೂ ಸರ್ವೀಸಲ್ಲೇ ಇದ್ದ," ಎಂದರು ಆ ತಾಯಿ.